ಅತ್ತೆಗಿಂತ ಮೊದಲು ಕಾರು ಹೊರಡಬೇಕಿತ್ತು

ಕಾಯಿಲೆ ಬಿದ್ದವರನ್ನು ನೋಡಲು ಬರುವವರು ಕೈಯಲ್ಲಿ ನಾಲ್ಕು ಕಿತ್ತಳೆಯನ್ನಾದರೂ ತರುತ್ತಾರೆ. ಕೆಟ್ಟು ನಿಂತ ಕಾರನ್ನು ನೋಡಲು ಬರುವವರು ಬರಿಗೈಯಲ್ಲಿ ಬಂದು, ಬಾನೆಟ್ಟಿನೊಳಗೆ ತಲೆ ತೂರಿಸಿ, ಒಂದು ರೋಗದ ಹೆಸರು ಹೇಳಿ, ನಮ್ಮದೇ ಕಾಫಿ ಕುಡಿದು ಹೋಗುತ್ತಾರೆ. ದಿಲ್ಲಿಯ ಸರೋಜಿನಿ ನಗರದಲ್ಲಿ ನನ್ನ ಹೆಂಡತಿ ಸುಮತಿಗೆ ಸಿಕ್ಕಿದ್ದ ಸರ್ಕಾರಿ ಕ್ವಾರ್ಟರ್ಸಿನ ಕೆಳಗೆ, ಬೇವಿನ ಮರದಡಿ ನಿಲ್ಲುತ್ತಿದ್ದ ನಮ್ಮ ಹಳೆಯ ಕಾರಿಗೆ ಆ ವರ್ಷ ದಸರಾ ಮುಗಿದದ್ದೇ ಇಂಥ ಬಂಧುಗಳು ಬಹಳ ಮಂದಿ ಹುಟ್ಟಿಕೊಂಡರು. ನಾನು ಮಾನೇಸರಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯವನೆಂದು ಗೊತ್ತಾದರೆ, "ಮತ್ತೆ ನೀವೇ ರಿಪೇರಿ ಮಾಡ್ಬಹುದಲ್ಲ ಸಾರ್?" ಎನ್ನುವರು. ನಾನು ಅಲ್ಲಿ ಪರೀಕ್ಷಿಸುವುದು ಬಾಗಿಲ ಹಿಡಿಕೆಗಳನ್ನು ಮಾತ್ರ ಎಂದು ಹೇಳಲು ನನಗೆ ಇಂದಿಗೂ ಸಂಕೋಚ. ನಮ್ಮ ಕಾರಿನ ಹಿಡಿಕೆಗಳೇನೋ ಬಹಳ ಚೆನ್ನಾಗಿದ್ದವು.

ಕೀ ತಿರುಗಿಸಿದರೆ 'ಟಕ್' ಎಂದೊಂದು ಸದ್ದು, ಆಮೇಲೆ ಮೌನ. ಹಾರ್ನ್ ಕೂಗುತ್ತಿತ್ತು, ದೀಪ ಉರಿಯುತ್ತಿತ್ತು, ಎಂಜಿನ್ ಮಾತ್ರ ಏಳುತ್ತಿರಲಿಲ್ಲ. ಅಕ್ಕಪಕ್ಕದವರಿಂದ ತಳ್ಳಿಸಿಕೊಂಡು ಮಾರ್ಕೆಟ್ಟಿನ ಹಿಂದಿದ್ದ ಮೆಕ್ಯಾನಿಕ್ ಭಯ್ಯಾನ ಹತ್ತಿರ ಹೋದರೆ, ಅವನು ಅಲ್ಲೊಂದು ಇಲ್ಲೊಂದು ವೈರು ಅಲುಗಾಡಿಸಿದ್ದೇ ತಡ, ಡಾಕ್ಟರನ್ನು ಕಂಡ ಮಗುವಿನ ಹಾಗೆ ಸರಿಹೋಗುತ್ತಿತ್ತು. "ಕುಛ್ ನಹೀಂ ಸಾಬ್, ಠಂಡ್ ಲಗ್ ಗಯೀ," ಎಂದು ಅವನು ಕಾರಿಗೆ ಥಂಡಿಯ ಆರೋಪ ಹೊರಿಸಿ, ಕಾರ್ಬುರೇಟರ್ ತೊಳೆದು, ಪ್ಲಗ್ಗು ಬದಲಿಸಿದ. ಮನೆಗೆ ತಂದು ನಿಲ್ಲಿಸಿದರೆ ಮತ್ತೆ ಟಕ್. ಕರೋಲ್ ಬಾಗಿನಲ್ಲಿ ಹೋಟೆಲು ನಡೆಸುವ ಸುಮತಿಯ ಅಣ್ಣ ಫೋನಿನಲ್ಲೇ ರೋಗ ಪತ್ತೆಹಚ್ಚಿದ. "ನಮ್ಮ ಗ್ರೈಂಡರ್ ಸಹ ಹೀಗೇ ಮಾಡ್ತಿತ್ತು ಭಾವ. ಎರಡು ಒದ್ದು ನೋಡಿ." ಒದ್ದೆ. ಕಾಲು ನೋವಾಯಿತು.

ಇಷ್ಟೇ ಆಗಿದ್ದರೆ ನಗಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆದರೆ ನವರಾತ್ರಿಗೆಂದು ಉಡುಪಿಯಿಂದ ಬಂದಿದ್ದ ಅತ್ತೆ ಇದನ್ನು ತಮ್ಮ ತಲೆಗೆ ಕಟ್ಟಿಕೊಂಡರು. ಆಯುಧಪೂಜೆ ಮಾಡಿದವರು ಅವರೇ. "ನನ್ನ ಪೂಜೆಯಲ್ಲೇ ಎಂತದೋ ತಪ್ಪಾಗಿದೆ ಅಳಿಯಂದಿರೇ. ಇಷ್ಟು ವರ್ಷ ಓಡಿದ ಗಾಡಿ ನಾನು ಕೈಯಿಟ್ಟ ಮೇಲೆ ನಿಂತಿತಲ್ಲ" ಎಂದು ದಿನವೂ ಕೊರಗುವರು. ಕಾಫಿಯ ಲೋಟ ಮುಂದಿಟ್ಟುಕೊಂಡು ಬಾಲ್ಕನಿಯಿಂದ ಕಾರನ್ನೇ ನೋಡುತ್ತ ಕೂತಿರುವರು. ಭಾನುವಾರ ಅವರಿಗೆ ಊರಿನ ರೈಲು. ಈ ಕೊರಗನ್ನು ಹೊತ್ತುಕೊಂಡೇ ಅವರು ರೈಲು ಹತ್ತುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ನನ್ನ ಅತ್ತೆ ಒಳ್ಳೆಯವರು. ಹೀಗೆ ಬರೆಯುವ ಅಳಿಯಂದಿರು ಕಡಿಮೆಯೆಂದು ಬಲ್ಲೆ, ಆದರೂ ಬರೆಯುತ್ತಿದ್ದೇನೆ.

ಶನಿವಾರ ಬೆಳಿಗ್ಗೆ, ಬ್ಯಾಟರಿಯನ್ನಾದರೂ ಚಾರ್ಜಿಗೆ ಕೊಡೋಣವೆಂದು ಅದರ ತಂತಿಗಳ ತುದಿಯ ಕ್ಲ್ಯಾಂಪ್ ಹಿಡಿಗಳನ್ನು ಬಿಚ್ಚಿದೆ. ಮೇಲೆಲ್ಲ ಗ್ರೀಸು ಬಳಿದು ಥಳಥಳ ಎನ್ನುತ್ತಿದ್ದ ಹಿಡಿ ಮೇಲೆದ್ದಾಗ ಒಳಗಿದ್ದ ಬ್ಯಾಟರಿಯ ಸೀಸದ ಗುಬುಟಿನ ಸುತ್ತ ಹಳದಿಯ ಗಟ್ಟಿ ಪದರ, ಅದರ ಮೇಲೆ ಕೆಂಪು ಬೊಟ್ಟು. ಇನ್ನೊಂದರಲ್ಲೂ ಹಾಗೆಯೇ. ಪಕ್ಕದಲ್ಲಿ ನಿಂತಿದ್ದ ಸುಮತಿ ಬಗ್ಗಿ ನೋಡಿ, "ರೀ, ಇದು ನಮ್ಮನೆ ಅರಿಶಿನ ಕುಂಕುಮ!" ಎಂದಳು. ಆಗ ಎಲ್ಲವೂ ಹೊಳೆಯಿತು. ಪೂಜೆಯ ದಿನ ಶುಚಿ ಮಾಡಲೆಂದು ನಾನು ಹಿಡಿಗಳನ್ನು ಬಿಚ್ಚಿಟ್ಟು ಕೈ ತೊಳೆಯಲು ಹೋಗಿದ್ದೆ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಈಳಿಗೆಮಣೆಗಳನ್ನು ಮುಗಿಸಿ ಕೆಳಗಿಳಿದ ಅತ್ತೆ, ಬರಿದಾಗಿ ನಿಂತಿದ್ದ ಈ ಎರಡು ಗುಬುಟುಗಳಿಗೂ ಹೊಸಿಲಿಗೆ ಹಚ್ಚುವಷ್ಟೇ ಶ್ರದ್ಧೆಯಿಂದ ಅರಿಶಿನ ಕಲಸಿ ಹಚ್ಚಿದ್ದರು. ಮೇಲಿನಿಂದ ಪಾಯಸದ ಪರಿಮಳ ಕರೆಯುತ್ತಿದ್ದುದರಿಂದ ನಾನು ಬಂದವನೇ ಕಣ್ಣುಹಾಯಿಸದೆ ಬಿಗಿದಿದ್ದೆ. ಒಣಗಿದ ಅರಿಶಿನ ಕರೆಂಟಿಗೆ ಅಡ್ಡ ನಿಂತಿತ್ತು.

"ಅಮ್ಮನಿಗೆ ಹೇಳ್ಬೇಡಿ ರೀ," ಎಂದು ಸುಮತಿ ಪಿಸುಗುಟ್ಟಿದಳು. ಮರಳು ಕಾಗದದಿಂದ ಉಜ್ಜಿ, ಹಿಡಿ ಬಿಗಿದು, ಕೀ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಎದ್ದಿತು. ಅತ್ತೆ ಮೆಟ್ಟಿಲನ್ನು ಹೇಗೆ ಇಳಿದು ಬಂದರೋ ಕಾಣೆ.

"ಎಂತ ಆಗಿತ್ತು ಮಾರಾಯ್ರೇ?"

"ಒಳಗೆ ಸ್ವಲ್ಪ ಏನೋ ಕೂತಿತ್ತು ಅತ್ತೆ, ತೆಗೆದೆ."

"ಹಾಗಾದ್ರೆ ನನ್ನ ಪೂಜೆದ್ದು ತಪ್ಪಲ್ಲ ಅಲ್ವಾ?"

"ಛೇ ಛೇ! ಗಾಡಿ ಉಳಿದದ್ದೇ ಅದರಿಂದ."

ಅವರ ಮುಖ ಅರಳಿತು. ಕಣ್ಣಂಚು ಒರೆಸಿಕೊಂಡು, ಬಂದಷ್ಟೇ ವೇಗವಾಗಿ ಮೇಲೆ ಹೋದವರು ಕೈಯಲ್ಲೊಂದು ಬಟ್ಟಲು ಹಿಡಿದು ಬಂದರು. "ಆವತ್ತು ಬಿಚ್ಚಿ ಇಟ್ಟಿದ್ರಲ್ಲ, ಆ ಎರಡು ಗುಬುಟು, ಅದನ್ನು ಇನ್ನೊಮ್ಮೆ ಬಿಚ್ಚಿ ಕೊಡಿ. ಗಾಡಿಯ ಜೀವ ಇರುವುದು ಅಲ್ಲೇ ಅಂತೆ. ನಾಳೆ ಹೊರಡುವವಳು, ಈಗಲೇ ಸ್ವಲ್ಪ ದಪ್ಪವಾಗಿಯೇ ಹಚ್ಚಿ ಬಿಡ್ತೇನೆ."

ಸುಮತಿ ತಲೆಯೆತ್ತಿ ಬೇವಿನ ಮರವನ್ನು ನೋಡತೊಡಗಿದಳು. ವಾರಗಟ್ಟಲೆ ಹುಡುಕಿ, ಆಗಷ್ಟೇ ಕಂಡುಹಿಡಿದು ಓಡಿಸಿದ ರೋಗವನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಲು ನಾನು ಎಂಜಿನ್ ನಿಲ್ಲಿಸಿದೆ, ಸ್ಪ್ಯಾನರ್ ಎತ್ತಿಕೊಂಡೆ, ಎರಡೂ ಹಿಡಿಗಳನ್ನು ಬಿಚ್ಚಿ ಪಕ್ಕಕ್ಕೆ ಸರಿದು ನಿಂತೆ.

"ಹಚ್ಚಿ ಅತ್ತೆ," ಎಂದೆ, "ಧಾರಾಳವಾಗಿ ಹಚ್ಚಿ."