ಮದುವೆಗೊಂದು ಮರಣದ ದಾಖಲೆ

ಐವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಮದುವೆಗೆ ಹೊರಟವನಿಗೆ ಸ್ವಲ್ಪವಾದರೂ ನಾಚಿಕೆ ಇರಬೇಕು ಎನ್ನುತ್ತಾರೆ. ನನಗಂತೂ ಇರಲಿಲ್ಲ, ಬರೀ ಖುಷಿ! ಮರಾಠಿ ರಾಜ್ಯಕ್ಕೆ ಸೇರಿದ ಗಡಿಯೂರು ಉಮದಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಕರಜಗಿಯ ಅಂಗನವಾಡಿ ಶಿಕ್ಷಕಿ ಗೌರಾಬಾಯಿಯವರು "ಆಗಲಿ" ಎಂದ ದಿನ ಒಬ್ಬರ ಜೋಳದ ಮೇಲೆ ಇನ್ನೊಬ್ಬರ ಗೋಧಿ ಸುರಿದು ಬೀಸಿಬಿಟ್ಟೆ. ಇಬ್ಬರಿಂದಲೂ ಬೈಸಿಕೊಂಡೆ, ಬೈಸಿಕೊಳ್ಳುತ್ತಲೇ ನಕ್ಕೆ. ಆದರೆ ಗೌರಾಬಾಯಿಯವರದು ಒಂದೇ ಹಟ: "ಬಾಯಿಮಾತಿನ ಲಗ್ನ ನನಗ ಬ್ಯಾಡ್ರಿ, ನೋಂದಣಿ ಆಗಬೇಕು. ಶುಕ್ರವಾರದೊಳಗ ನಿಮ್ಮ ಕಾಗದ ಕಚೇರಿಗೆ ಮುಟ್ಟಲಿಲ್ಲಂದ್ರ ಈ ಮಾತು ಇಲ್ಲಿಗೇ ಬಿಡೂಣು."

ಬೇಕಾದದ್ದು ಏಳು ವರ್ಷದ ಹಿಂದೆ ತೀರಿಕೊಂಡ ನನ್ನ ಹೆಂಡತಿ ನೀಲವ್ವಳ ಮರಣದ ದಾಖಲೆ. ಅದನ್ನು ತೆಗೆಸಲು ನನಗೆ ಇಷ್ಟು ವರ್ಷ ಮನಸ್ಸೇ ಬಂದಿರಲಿಲ್ಲ. ಈಗ ಓಡಿದೆ ನೋಡಿ! ಗ್ರಾಮಸೇವಕರು ವಹಿ ತಿರುವಿ, "ಮಾಲಕರ, ನಿಮ್ಮ ಮನಿಯವರು ನಮ್ಮಲ್ಲಿ ಸತ್ತೇ ಇಲ್ಲ" ಎಂದರು. "ವಿಜಯಪುರದ ದವಾಖಾನ್ಯಾಗ ಹೋದ್ರಲ್ರೀ, ಅಲ್ಲೇ ಕೇಳ್ರಿ." ಸಿಕ್ಕ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ ಗೆದ್ದವನಂತೆ ಕಾಗದ ತಂದೆ. ಜತ್ತದ ನೋಂದಣಿ ಕಚೇರಿಯ ಗುಮಾಸ್ತರು ಅದನ್ನು ನೋಡಿ, "ಇದು ಕನ್ನಡ. ಮರಾಠಿಯೊಳಗ ಮಾಡಿಸಿ ಸಿಕ್ಕಾ ಹೊಡಿಸ್ಕೊಂಡು ಬರ್ರಿ" ಎಂದರು. "ನಾನೇ ಓದಿ ಹೇಳ್ತೀನ್ರಿ" ಎಂದೆ. "ಮದುಮಗ ಓದಿದ್ದು ನಡಿಯೂದಿಲ್ರಿ!" ಈ ವಯಸ್ಸಿನಲ್ಲಿ ನನ್ನನ್ನು ಮದುಮಗ ಎಂದ ಮೊದಲ ಸರಕಾರಿ ಮನುಷ್ಯ ಅವರು. ಸಿಟ್ಟು ಬರಬೇಕಾದಲ್ಲಿ ಮುಖವೆಲ್ಲ ಕೆಂಪಾಯಿತು.

ಶುಕ್ರವಾರ ಗೌರಾಬಾಯಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಿಕ್ಕಾ ಹೊಡೆಸಿದ ಮರಾಠಿ ಕಾಗದವನ್ನು ಮೇಜಿನ ಮೇಲೆ ಇಟ್ಟೆ. "ಚಲೋ ಆತು" ಎಂದರು ಗುಮಾಸ್ತರು. ಕುಣಿದೇ ಬಿಡುತ್ತಿದ್ದೆ. ಅಷ್ಟರಲ್ಲಿ ಅವರು ಅರ್ಜಿಯ ಕೆಳಗೆ ಬೆರಳಿಟ್ಟು, "ಗೌರಾಬಾಯಾರು ವಿಧವಾ ಅಂತ ಬರದೀರಿ. ಅವರ ಮೊದಲಿನ ಯಜಮಾನರ ದಾಖಲೆ ಎಲ್ಲೈತ್ರಿ?" ಎಂದು ಕೇಳಿದರು.

ಅವರು ವಿಧವೆ ಎಂಬುದು ಎರಡೂ ಊರಿಗೆ ಗೊತ್ತು, ಬರೆದವನೂ ನಾನೇ. ಅವರಿಗೂ ಇಂಥದೊಂದು ಕಾಗದ ಬೇಕಾದೀತೆಂದು ಮಾತ್ರ ಹೊಳೆದಿರಲಿಲ್ಲ. ಹೋಯಿತು, ಮದುವೆಯೇ ಹೋಯಿತು ಎಂದುಕೊಂಡೆ. ಗೌರಾಬಾಯಿಯವರು ಚೀಲದಿಂದ ದಾಖಲೆಯನ್ನೂ ಅದರ ಮೂರು ಝೆರಾಕ್ಸ್‌ಗಳನ್ನೂ ತೆಗೆದಿಟ್ಟರು.

"ಮೊದಲೇ ಹೇಳಬಾರದೇನ್ರಿ?" ಎಂದೆ.

"ನೀವು ಕೇಳಲೇ ಇಲ್ಲಲ್ರೀ" ಎಂದರು, ನಗುತ್ತ.

ಇಷ್ಟು ದಿನ ಅವರ ಮುಂದೆ ಬರೀ ನೀಲವ್ವಳ ಕಥೆ ಹೇಳಿದ್ದೆ. ಅವರ ಯಜಮಾನರ ಹೆಸರನ್ನು ನಾನು ಮೊದಲ ಸಲ ಓದಿದ್ದು ಆಗ, ಮೇಜಿನ ಈಚೆ ನಿಂತು, ಗುಮಾಸ್ತರತ್ತ ತಿರುಗಿದ್ದ ಕಾಗದದಲ್ಲಿ, ತಲೆಕೆಳಗಾಗಿ.