ಕುರುಬರಹಳ್ಳಿಯ ಸೌದೆ ಸೀಳುವ ಮೆಷಿನ್ನಿನವರ ಸನ್ನಿಧಿಗೆ

ಮಾನ್ಯ ಮೆಷಿನ್ನಿನವರೇ,

ನಮ್ಮ ದೊಡ್ಡಪ್ಪ ಸುಬ್ರಮಣಿಯವರ ಸೌದೆ ಡಿಪೋದಲ್ಲಿ, ತಗಡಿನ ಶೀಟಿನ ಕೆಳಗೆ, ಒಣಗಿದ ಚೆಂಡುಹೂವಿನ ಹಾರ ಧರಿಸಿ ವಿರಾಜಮಾನರಾಗಿರುವ ತಮಗೆ, ಮೆಕ್ಯಾನಿಕಲ್ ಮೊದಲ ವರ್ಷದ ವಿದ್ಯಾರ್ಥಿನಿಯಾದ ನಾನು ಮೈನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ನಿಜವಾಗಿ ಕಿತ್ತಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿ ಬಂದು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಶಾಲೆಯೆಲ್ಲ ಊಟಿಯ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲೇ ಮುಗಿದದ್ದರಿಂದ ನನ್ನ ಕನ್ನಡ ಅಲ್ಲಲ್ಲಿ ಕುಂಟಬಹುದು. ತಮ್ಮ ಜೊತೆ ಬಂದ ಪುಸ್ತಕದ ಭಾಷೆ ಯಾವುದೆಂದು ನಮ್ಮ ಲೆಕ್ಚರರಿಗೂ ತಿಳಿಯಲಿಲ್ಲವಾದ್ದರಿಂದ ಈ ವಿಷಯದಲ್ಲಿ ನಾವಿಬ್ಬರೂ ಸಮ ಎಂದುಕೊಂಡಿದ್ದೇನೆ.

ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ, ಇನ್ನು ಕೊಡಲಿ ಎತ್ತಿದರೆ ಹೊಲಿಗೆ ಬಿಚ್ಚುತ್ತದೆಂದು ಡಾಕ್ಟರು ಬೈದ ಮೇಲೆ ಈ ಮನೆಯನ್ನು ಕಾಯಲು ಬಂದವರು ತಾವು. ಕರೆಂಟು ಕುಡಿದು, ಆಯಿಲ್ಲಿನ ಒತ್ತಡದಲ್ಲಿ ಉಕ್ಕಿನ ತೋಳು ಚಾಚಿ, ಹುಣಸೆ ದಿಮ್ಮಿಯನ್ನು ಅಲಗಿಗೆ ಒತ್ತಿ ಮುದ್ದೆ ಮುರಿದಂತೆ ಮುರಿಯುತ್ತಿದ್ದಿರಿ. ಅಂಥ ತಾವು ಆಯುಧಪೂಜೆಯ ಮರುದಿನ, ಅದರಲ್ಲೂ ಅಡುಗೆ ಭಟ್ಟರಾದ ಗೋಪೀನಾಥರು ವಿಜಯನಗರದ ಛತ್ರದ ಮದುವೆಗೆ ಸಂಜೆಯೊಳಗೆ ಒಂದು ಟೆಂಪೋ ಸೌದೆ ಬೇಕೇ ಬೇಕು ಎಂದ ದಿನವೇ, ತೋಳನ್ನು ಗೇಣುದ್ದ ಚಾಚಿ, ನೆಲದಿಂದ ಏಳುವ ದೊಡ್ಡಪ್ಪನಂತೆ ನರಳಿ, ಅಲ್ಲೇ ನಿಂತು ಅಹಿಂಸಾವ್ರತ ಹಿಡಿದಿರಿ. ದೊಡ್ಡಪ್ಪ ಅಟ್ಟದಿಂದ ಕೊಡಲಿ ಇಳಿಸಿ ಮಸೆಯಲು ಕೂತರು.

ಆಗ ದೊಡ್ಡಮ್ಮ ಅಂಜನಮ್ಮನವರು, ಮನೆಯಲ್ಲೇ ಇಂಜಿನಿಯರ್ ಇರುವಾಗ ಇವರಿಗ್ಯಾಕೆ ಈ ಪೌರುಷ ಎಂದು ಬೀದಿಗೆಲ್ಲ ಕೇಳುವಂತೆ ಅಂದು, ನನ್ನ ಕೈಗೆ ಸ್ಪ್ಯಾನರ್ ಕೊಟ್ಟರು. ಕಾಲೇಜಿನಲ್ಲಿ ನಾನು ಇದುವರೆಗೆ ಕಲಿತಿರುವುದು ಡ್ರಾಯಿಂಗ್ ಶೀಟಿನ ಮೇಲೆ ಷಡ್ಭುಜವೊಂದನ್ನು ಓರೆಯಾಗಿ ನಿಲ್ಲಿಸುವುದನ್ನು ಮಾತ್ರ. ಆದರೂ ಸ್ವಿಚ್ ಬಿಚ್ಚಿದೆ, ಕೆಪಾಸಿಟರ್ ಬದಲಿಸಿದೆ, ಆಯಿಲ್ ಕಡಿಮೆಯಾಗಿದೆಯೇ ಎಂದು ಕಡ್ಡಿ ಅದ್ದಿ ನೋಡಿದೆ. ಎಲ್ಲವೂ ಸರಿಯಿದ್ದು ನನಗೆ ಅಳು ಬಂತು. ಕೈಮುಗಿದು ಬೇಡೋಣವೆಂದರೆ ಒಂದು ಕೈಯಲ್ಲಿ ಲಿವರ್, ಇನ್ನೊಂದರಲ್ಲಿ ಬಟನ್ ಒಟ್ಟಿಗೆ ಒತ್ತದೆ ತಾವು ಅಲುಗುವುದೇ ಇಲ್ಲ. ಭಕ್ತರ ಕೈ ಜೋಡಿಸಲು ಬಿಡದ ಇಂಥ ದೇವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೆ ಮೇಲಿನ ಕುಂಕುಮ ಒರೆಸುವಾಗ, ಆಯಿಲ್ ಟ್ಯಾಂಕಿಗೆ ಗಾಳಿಯಾಡಲೆಂದು ಮುಚ್ಚಳದಲ್ಲಿ ಕೊರೆದಿದ್ದ ಸಣ್ಣ ತೂತಿನೊಳಗೆ ಊದುಬತ್ತಿಯ ಮೋಟು ಕಡ್ಡಿ ಬಿಗಿಯಾಗಿ ಕೂತಿರುವುದು ಕಂಡಿತು. ಪೂಜೆಯ ದಿನ ಊದುಬತ್ತಿ ಚುಚ್ಚಲು ಇಟ್ಟಿದ್ದ ಬಾಳೆಹಣ್ಣನ್ನು ದೊಡ್ಡಪ್ಪ ತಿಂದುಬಿಟ್ಟಿದ್ದರಂತೆ. ಜಾಗ ಹುಡುಕುತ್ತಿದ್ದ ದೊಡ್ಡಮ್ಮನಿಗೆ ತಾವು ಅಳತೆಗೆ ಸರಿಯಾಗಿ ತೂತು ಒದಗಿಸಿದ್ದಿರಂತೆ. ಒಳಗೆ ಗಾಳಿ ಹೋಗದೆ ಆಯಿಲ್ ತೋಳಿಗೆ ಹರಿಯುತ್ತಿರಲಿಲ್ಲ; ಸೇಫ್ಟಿ ಪಿನ್ನಿನಿಂದ ಮೀಟಿ ಕಿತ್ತೆ. ಪೂಜೆಯ ತಪ್ಪನ್ನು ಪೂಜೆ ಮಾಡಿದವರಿಗೆ ಹೇಗೆ ಹೇಳುವುದೆಂದು ತಿಳಿಯದಿದ್ದರೂ, "ಇದು ಮೆಷಿನ್ ಉಸಿರಾಡೋ ಮೂಗು, ದೊಡ್ಡಮ್ಮಾ" ಎಂದುಬಿಟ್ಟೆ.

ಅವರು ನನ್ನತ್ತ ನೋಡಲೂ ಇಲ್ಲ. ಗಲ್ಲ ಬಡಿದುಕೊಂಡು, ತಮ್ಮ ಉಕ್ಕಿನ ಬೆನ್ನು ಸವರಿ, "ಮೂಗಿಗೇ ಕಡ್ಡಿ ಇಟ್ಬಿಟ್ನಲ್ಲಪ್ಪಾ, ಒಂದು ಮಾತು ಹೇಳ್ಬಾರದಿತ್ತಾ" ಎಂದು ತಮ್ಮನ್ನೇ ಕೇಳಿದರು.

ಮಾನ್ಯರೇ, ನನ್ನ ದೂರೂ ಅದೇ. ಇನ್ನು ಮುಂದೆ ಮೂಗು ಕಟ್ಟಿದಾಗ ತಾವು ದಯವಿಟ್ಟು ಸೀನಬೇಕು, ಕೆಮ್ಮಬೇಕು, ಅದೂ ಆಗದಿದ್ದರೆ ನನ್ನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಆ ಸಂಜೆ ಪ್ಲಗ್ ಹಾಕಿದ ಕೂಡಲೇ ಮೊದಲ ದಿಮ್ಮಿ ಲಟಕ್ಕನೆ ಸೀಳಿಹೋಯಿತು. ದೊಡ್ಡಪ್ಪ ಕೊಡಲಿ ಕೆಳಗಿಟ್ಟು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ನಾನು ಲಿವರ್ ಹಿಡಿಯುವ ರೀತಿಯೇ ಸರಿಯಿಲ್ಲವೆಂದು ಟೆಂಪೋ ತುಂಬುವವರೆಗೂ ಬೈದರು. ಅಷ್ಟು ಸಿಹಿಯಾದ ಬೈಗುಳವನ್ನು ನಾನು ಈ ಊರಿನಲ್ಲಿ ಕೇಳಿರಲಿಲ್ಲ.

ಉಗುರಿನೊಳಗಿನ ಆಯಿಲ್ ಇನ್ನೂ ಹೋಗದ,
ತಮ್ಮ ವಿಶ್ವಾಸಿ,
ಕಲಾ

ತಾ.ಕ.: ನನ್ನ ಕೀರ್ತಿ ಹಬ್ಬಿ ಪಾಪಮ್ಮನವರ ಮಿಕ್ಸಿ, ಮುನಿಯಣ್ಣನವರ ಟೇಪ್ ರೆಕಾರ್ಡರ್ ಆಗಲೇ ನಮ್ಮ ಗೇಟಿಗೆ ಬಂದಿವೆ, ಸೋಮವಾರ ನನಗೆ ಇಂಟರ್ನಲ್ಸ್ ಪರೀಕ್ಷೆ. ರಿಪೇರಿಗೆ ಬಳಸಿದ್ದು ಸೇಫ್ಟಿ ಪಿನ್ ಎಂದು ತಾವು ಬಾಯಿಬಿಡದಿದ್ದರೆ, ಟನ್ನುಗಟ್ಟಲೆ ಒತ್ತುವ ತಮ್ಮನ್ನು ಮಲಗಿಸಿದ್ದು ಮಲ್ಲಿಗೆ ವಾಸನೆಯ ಒಂದು ಊದುಬತ್ತಿ ಎಂದು ನಾನೂ ಯಾವ ಮೆಷಿನ್ನಿನ ಮುಂದೆಯೂ ಹೇಳುವುದಿಲ್ಲ.