ಆಟಿಯಲ್ಲಿ ಮನೆ ಬಿಟ್ಟ ಪ್ರೇಮನಾಥ

"ನೋಟೀಸು ಕೊಟ್ಟ ಮೇಲೂ ಬಾಡಿಗೆ ಕೊಡುವಷ್ಟು ಮಂಗ ನಾನಲ್ಲ!"

ಜೂನ್ ಮೂವತ್ತರ ಸಂಜೆ ಪ್ರೇಮನಾಥ ಹೀಗೆ ಘೋಷಿಸಿದಾಗ ಹೆಂಡತಿ ಸುಪ್ರಿತಾ ಯಾರದೋ ರವಿಕೆಗೆ ತೋಳು ಹೊಲಿಯುತ್ತಿದ್ದಳು. ಪುತ್ತೂರಿನ ದರ್ಬೆಯ ಆ ಫ್ಲ್ಯಾಟಿನ ಬಚ್ಚಲು ಮೂರು ತಿಂಗಳಿಂದ ಮೇಲಿನಿಂದ ತೊಟ್ಟಿಕ್ಕುತ್ತಿತ್ತು. ಮಾಲೀಕರಾದ ಆದಂ ಕುಂಞಿ ಹಾಜಿಯವರು ಕೇಳಿದಾಗಲೆಲ್ಲ "ಮಾಡ್ಸುವ, ಮಾಡ್ಸುವ" ಎನ್ನುತ್ತಿದ್ದರು. ಕೊಡೆ ಹಿಡಿದು ಸ್ನಾನ ಮಾಡುವ ಮನುಷ್ಯನಿಗೆ ಸಿಟ್ಟು ಬಾರದೇ ಇರುತ್ತದೆಯೇ?

ಮೇಲಾಗಿ ಪ್ರೇಮನಾಥ ಹದಿನೆಂಟು ವರ್ಷಗಳಿಂದ ವಕೀಲರ ಗುಮಾಸ್ತ. ಊರವರ ನೋಟೀಸುಗಳನ್ನೆಲ್ಲ ಟೈಪು ಮಾಡಿದ ಕೈ! ಸ್ವಂತಕ್ಕೊಂದು ಬರೆಯುವ ಭಾಗ್ಯ ಬಂದರೆ ಬಿಟ್ಟಾನೆಯೇ? ಎರಡು ಪುಟ ಜಡಿದ. 'ಜುಲೈ ಮೂವತ್ತೊಂದರ ಸಂಜೆ ಐದು ಗಂಟೆಗೆ ಬೀಗದ ಕೈ ಒಪ್ಪಿಸಲಾಗುವುದು. ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು!'

ಸುಪ್ರಿತಾ ಓದಿದಳು. "ತಾರೀಕು ನೋಡಿದ್ರಾ?"

"ಕಾನೂನು ಪ್ರಕಾರ ಪೂರ್ತಿ ಒಂದು ತಿಂಗಳು ಉಂಟು."

"ಅದಲ್ಲ ಮಾರಾಯ್ರೆ, ಅದು ಆಟಿ..."

"ಕಾನೂನಲ್ಲಿ ಆಟಿ ಗೀಟಿ ಎಂತದ್ದೂ ಇಲ್ಲ!"

ಆಟಿ ಎಂದರೆ ತುಳುವರಿಗೆ ಮದುವೆ, ಮನೆ ಒಕ್ಕಲು ಒಂದೂ ಇಲ್ಲದ ತಿಂಗಳು. ಆಗಸ್ಟ್ ನಡುವಿನಲ್ಲಿ ಅದು ಕಳೆಯುವ ತನಕ ಹೊಸ ಮನೆಗೆ ಯಾರೂ ಕಾಲಿಡುವುದಿಲ್ಲ. ಪ್ರೇಮನಾಥ ಇಡಲು ಹೊರಟ! ಸುಪ್ರಿತಾ ಮತ್ತೆ ರವಿಕೆಯ ತೋಳಿಗೆ ಮರಳಿದಳು. ಹೆಂಡತಿ ಸುಮ್ಮನಾದದ್ದೇ ತನ್ನ ಗೆಲುವೆಂದು ತಿಳಿಯುವ ಗಂಡಂದಿರ ಸಾಲಿಗೆ ಇವನೂ ಸೇರಿದ.

ಜುಲೈ ಇಡೀ ಹಾಜಿಯವರು ಬಾಡಿಗೆಯ ಸುದ್ದಿಯೇ ಎತ್ತಲಿಲ್ಲ. "ನೋಡಿದ್ಯಾ, ನೋಟೀಸಿನ ಬಿಸಿ!" ಎಂದು ಪ್ರೇಮನಾಥ ದಿನಕ್ಕೆರಡು ಸಲ ಮೀಸೆ ತಿರುವಿದ.

ಮೂವತ್ತೊಂದರ ಮಧ್ಯಾಹ್ನ ಟೆಂಪೋ ಬಂತು.

"ನನ್ನ ಮೆಷಿನ್ನೂ ಅಡುಗೆ ಪಾತ್ರೆಯೂ ಇಲ್ಲೇ ಇರ್ಲಿ. ಆಟಿಯಲ್ಲಿ ನಾನು ಒಕ್ಕಲಿಗೆ ಬರುದಿಲ್ಲ" ಎಂದಳು ಸುಪ್ರಿತಾ.

"ಬೇಡ! ನಾನೊಬ್ಬನೇ ಹೋಗ್ತೇನೆ! ಹಾಲೂ ನಾನೇ ಉಕ್ಕಿಸ್ತೇನೆ!"

ಮಂಚ, ಕಪಾಟು, ಫ್ಯಾನು ಎಲ್ಲ ಹೇರಿ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಸೈನ್ಯವಿಲ್ಲದ ಸೇನಾಧಿಪತಿ ಬೊಳುವಾರಿಗೆ ದಂಡೆತ್ತಿ ಹೋದ. ಅಲ್ಲಿ ಗೊತ್ತುಮಾಡಿದ್ದ ಮನೆಯ ಮಾಲೀಕ ಅಚ್ಚುತ ಗೇಟಿನಲ್ಲೇ ಕೈ ಅಡ್ಡ ಹಿಡಿದ.

"ಎಂತ ಇದು? ನಿಮಗೆ ತಲೆ ಸರಿ ಉಂಟಾ?"

"ನಾಳೆಯಿಂದ ಬಾಡಿಗೆಗೆ ಅಂತ ಮಾತಾಗಿತ್ತಲ್ಲ!"

"ಬಾಡಿಗೆ ನಾಳೆಯಿಂದಲೇ ಕೊಡಿ, ನಾನು ಬೇಡ ಹೇಳುದಿಲ್ಲ. ಆದ್ರೆ ಕಾಲಿಡುದು ಆಟಿ ಕಳೆದ ಮೇಲೆ. ನನ್ನ ಮನೆಗೆ ಎಂತಾದ್ರೂ ಆದ್ರೆ ನಿಮ್ಮ ಕಾನೂನು ಬರ್ತದಾ?"

ಪ್ರೇಮನಾಥ ಕಲಮು, ಉಪಕಲಮು ಎಲ್ಲ ಉದುರಿಸಿದ. ಅಚ್ಚುತ ಗೇಟು ಹಾಕಿ ಒಳಗೆ ಹೋದ. ಮಳೆ ಸುರಿಯತೊಡಗಿತು. ಟೆಂಪೋದವನು, "ವಾಪಸು ಹೋಗುದಾದ್ರೆ ಬಾಡಿಗೆ ಡಬಲ್" ಎಂದ. ಅಯ್ಯೋ ದೇವರೇ, ಬಾಡಿಗೆಯೇ ಕೊಡಬಾರದೆಂದು ಹೊರಟವನಿಗೆ ಒಂದೇ ಮಧ್ಯಾಹ್ನ ಎಷ್ಟು ಬಗೆಯ ಬಾಡಿಗೆ!

ದರ್ಬೆಗೆ ಮರಳಿದಾಗ ಐದಕ್ಕೆ ಕಾಲು ಗಂಟೆ ಬಾಕಿ. ಹಾಜಿಯವರು ಚಾವಡಿಯಲ್ಲಿ ಕುಳಿತು ಸುಪ್ರಿತಾ ಕೊಟ್ಟ ಚಾ ಕುಡಿಯುತ್ತಿದ್ದರು. ರಾತ್ರಿ ಮಲಗಲು ಸೂರಿಲ್ಲದಿದ್ದರೂ ಪ್ರೇಮನಾಥನ ಕತ್ತು ಬಗ್ಗಲಿಲ್ಲ. ಒದ್ದೆ ಅಂಗಿಯಲ್ಲೇ ಎದೆ ಸೆಟೆಸಿ ಗುಡುಗಿದ:

"ಹಾಜಿಯವರೇ, ನಾನು ಇನ್ನು ಹದಿನೇಳು ದಿವಸ ಇಲ್ಲೇ ಇರುದು! ಅದು ನನ್ನ ಹಕ್ಕು! ಬಾಡಿಗೆ ಮಾತ್ರ ಕೇಳ್ಬೇಡಿ!"

"ಬಾಡಿಗೆಯಾ?" ಹಾಜಿಯವರು ಕಣ್ಣರಳಿಸಿದರು. "ಜುಲೈದೂ ಆಗಸ್ಟಿದೂ ಬಂದಾಯ್ತಲ್ಲ! ನೀವು ನೋಟೀಸು ಕೊಟ್ಟ ಮರುದಿನವೇ ಸುಪ್ರಿತಕ್ಕ ಫೋನಿನಲ್ಲಿ ಕಳಿಸಿದ್ದಾರೆ. ಬಚ್ಚಲು ರಿಪೇರಿಯವರೂ ನಾಳೆ ಬರ್ತಾರೆ, ಅದನ್ನೂ ಅವರೇ ಮಾತಾಡಿ ಒಪ್ಪಿಸಿದ್ದು. ಇನ್ನು ಅವರು ಈ ಮನೆ ಬಿಡುದಿಲ್ಲಂತೆ."

"ಹಾಗಾದ್ರೆ... ನನ್ನ ನೋಟೀಸು?"

"ಅದು ಭದ್ರ ಉಂಟು. ಆದ್ರೆ ಅದರಲ್ಲಿ ಸಹಿ ನಿಮ್ಮೊಬ್ಬರದ್ದೇ ಅಲ್ವಾ?" ಹಾಜಿಯವರು ಗಡಿಯಾರ ನೋಡಿದರು. "ಕಾನೂನು ಪ್ರಕಾರ ಐದು ಗಂಟೆಗೆ ನೀವೊಬ್ಬರೇ ಖಾಲಿ ಮಾಡ್ಬೇಕಾದ್ದು, ಪ್ರೇಮಣ್ಣ."

ಪ್ರೇಮನಾಥ ಹೆಂಡತಿಯ ಮುಖ ನೋಡಿದ. ಅವಳು ಮೆಷಿನ್ನಿನಿಂದ ತಲೆಯೆತ್ತದೆ ಹೇಳಿದಳು:

"ಮೊದಲು ಮಂಚ ಒಳಗೆ ತನ್ನಿ. ನಿಮ್ಮನ್ನು ಇಟ್ಟುಕೊಳ್ಳುದಾ ಬೇಡ್ವಾ ಅಂತ ಆಟಿ ಕಳೆದ ಮೇಲೆ ಯೋಚನೆ ಮಾಡುವ."